ಮಳೆಗಾಲವಿಡೀ ಬೀಗ ಬೀಳುವ ಮಲೆನಾಡಿನ ಮನೆ: ಬೂಷ್ಟು ಹಿಡಿಯದಂತೆ ಏನು ಮಾಡಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಹಳೆಯ ಮನೆಯಿದೆ. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು, ಹಿತ್ತಲ ಕಡೆಗೆ ಎತ್ತರದ ಧರೆ (ಕಡಿದ ಮಣ್ಣಿನ ದಿಣ್ಣೆ). ಕೆಲವು ವರ್ಷಗಳ ಹಿಂದೆ ಪಕ್ಕಕ್ಕೆ ಒಂದು ಆರ್‌ಸಿಸಿ ಕೋಣೆ, ಅದಕ್ಕೆ ಸೇರಿದ ಬಾತ್‌ರೂಮ್ ಕಟ್ಟಿಸಿದ್ದೇವೆ. ಅಮ್ಮನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಾಗಿರುವುದರಿಂದ ಅಪ್ಪ, ಅಮ್ಮ ಇಬ್ಬರೂ ಮೇ ಕೊನೆಯಿಂದ ದೀಪಾವಳಿಯವರೆಗೆ ಬೆಂಗಳೂರಿನಲ್ಲಿ ನಮ್ಮ ಜೊತೆ ಇರುತ್ತಾರೆ. ಮಳೆಗಾಲದಲ್ಲಿ ಈ ಮನೆಗೆ ಬೀಗ ಬೀಳುವುದು ಇದೇ ಮೊದಲು.

ಜನ ಇರುವಾಗಲೇ ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಗೋಡೆಗೆ ತಾಗಿದ ದಿಂಬು ಎಲ್ಲಕ್ಕೂ ಹಸಿರು ಬೂಷ್ಟು ಬರುತ್ತದೆ. ಇನ್ನು ಯಾರೂ ಇಲ್ಲದಿದ್ದರೆ? ಅಮ್ಮನಿಗೆ ರೇಷ್ಮೆ ಸೀರೆಗಳ ಚಿಂತೆ, ಅಪ್ಪನಿಗೆ ಪುಸ್ತಕ ಮತ್ತು ಹಾರ್ಮೋನಿಯಂ ಚಿಂತೆ, ನನಗೆ ಗೋಡೆಯ ಚಿಂತೆ. ಕಿಟಕಿಗಳನ್ನು ಮುಚ್ಚಿ ಬರಬೇಕೋ, ತೆರೆದು ಬರಬೇಕೋ? ತೇವ ಹೀರುವ ಯಂತ್ರ ಕೊಳ್ಳಬೇಕೋ? ಕೀಲಿಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬರುತ್ತೇವೆ. ಆದರೆ ಅವರಿಗೂ ಗದ್ದೆ ತೋಟದ ಕೆಲಸವಿರುತ್ತದೆ, ದಿನಾ ಬಂದು ನೋಡಿ ಎಂದು ಹೇಳಲಾಗುವುದಿಲ್ಲ.

ವಿನೋಬನಗರ ನಿವಾಸಿ

ನಾವು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇರುತ್ತೇವೆ. ಕಿಟಕಿ ಭದ್ರವಾಗಿ ಮುಚ್ಚಿ, ಪ್ರತಿ ಕೋಣೆಯಲ್ಲೂ ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿ ಇಟ್ಟು, ಬೀರುವಿನಲ್ಲಿ ಕರ್ಪೂರ ಮತ್ತು ನುಸಿ ಗುಳಿಗೆ ಹಾಕಿ ಹೋಗುತ್ತೇವೆ. ಇದುವರೆಗೆ ತೊಂದರೆಯಾಗಿಲ್ಲ. ನೀವೂ ಹಾಗೆಯೇ ಮಾಡಿ.

ಹೊಸನಗರದ ಟೀಚರ್

ವಿನೋಬನಗರದವರೇ, ನಿಮ್ಮ ಮಾತು ಶಿವಮೊಗ್ಗ ಪೇಟೆಗೆ ಸರಿ. ಅಲ್ಲಿ ಮಳೆ ಬಿಟ್ಟ ಮರುದಿನ ಬಟ್ಟೆ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆರಿದ್ರಾ ಮಳೆ ಹಿಡಿದರೆ ಪುಷ್ಯ ಮಳೆ ಮುಗಿಯುವವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಆರಂಭದವರೆಗೆ, ಬಿಸಿಲು ಕಾಣುವುದೇ ಅಪರೂಪ. ಅದೇ ಜಿಲ್ಲೆ ಎಂದಮಾತ್ರಕ್ಕೆ ಅದೇ ಉಪಾಯ ನಡೆಯುವುದಿಲ್ಲ.

ನಮ್ಮ ಹಿರಿಯರ ಮನೆಗಳು ಇಷ್ಟು ವರ್ಷ ನಿಂತಿದ್ದು ಬೆಂಕಿಯಿಂದ. ಬಚ್ಚಲ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿತ್ತು, ಅಡುಗೆಮನೆಯ ಹೊಗೆ ಅಟ್ಟ ಹತ್ತಿ ಹೆಂಚಿನ ಸಂದಿನಲ್ಲಿ ಹೊರಗೆ ಹೋಗುತ್ತಿತ್ತು. ಅಟ್ಟದ ಮೇಲಿನ ಬೀಜದ ತೆನೆ, ವಾಟೆಹುಳಿ, ಬುಟ್ಟಿ, ಕಂಬಳಿ ಒಂದಕ್ಕೂ ಬೂಷ್ಟು ಬರುತ್ತಿರಲಿಲ್ಲ. ಈಗ ಗ್ಯಾಸು, ಗೀಸರು ಬಂದು ಒಲೆ ಆರಿದೆ. ತುಂಗಾತೀರದವರೇ, ಕೀಲಿಕೈ ಕೊಡುವವರಿಗೆ ವಾರಕ್ಕೊಮ್ಮೆ ಬಂದು ಬಚ್ಚಲ ಒಲೆಗೆ ಬೆಂಕಿ ಹಾಕಿ, ಒಳಬಾಗಿಲುಗಳನ್ನೆಲ್ಲ ತೆರೆದಿಟ್ಟು ಕೂರಲು ಹೇಳಿ. ಕೆಂಡ ಪೂರ್ತಿ ಆರುವವರೆಗೆ ಅವರು ಅಲ್ಲಿಯೇ ಇರಬೇಕು. ಖಾಲಿ ಮನೆಯಲ್ಲಿ ಬೆಂಕಿ ಬಿಟ್ಟು ಹೋಗುವ ಮಾತೇ ಬೇಡ.

ಸಾಗರದ ಕಂಟ್ರಾಕ್ಟರ್

ಬೆಂಕಿ, ಡಬ್ಬಿ, ಯಂತ್ರ ಎಲ್ಲ ಆಮೇಲೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮಾಡು ಸೋರುವ ಮನೆಯೊಳಗೆ ಯಂತ್ರ ಇಟ್ಟರೆ ಅದು ಮಳೆಯನ್ನು ಒಣಗಿಸುತ್ತಾ ಕೂರುತ್ತದೆ.

ಏಪ್ರಿಲ್‌ನಲ್ಲೇ ಹೆಂಚು ಕೈಯಾಡಿಸಿ. ಒಡೆದ ಹೆಂಚು ತೆಗೆಯುವುದಷ್ಟೇ ಅಲ್ಲ, ಒಂದರ ಮೇಲೊಂದು ಕೂರುವ ಜಾಗದಲ್ಲಿ ಬೆಳೆದ ಪಾಚಿ, ಸೇರಿಕೊಂಡ ತರಗೆಲೆ ಕೆರೆಸಬೇಕು. ಪಾಚಿ ನೀರನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ, ಹೆಂಚು ಸರಿಯಿದ್ದರೂ ಅದರಡಿಯ ರೀಪು (ಮರದ ಪಟ್ಟಿ) ನೆನೆಯುತ್ತದೆ. ಹೆಂಚು ತೆಗೆದಾಗಲೇ ರೀಪಿಗೂ ಅದನ್ನು ಹೊರುವ ಪಕಾಸಿಗೂ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹೊಡೆಸಿಬಿಡಿ. ಮುಸಿಯ (ಕೋತಿ) ಓಡಾಡುವ ಊರಾದರೆ ಮಳೆಗಾಲದ ನಡುವೆ ಹೆಂಚು ಸರಿಯುವುದು ಖಂಡಿತ, ಹಾಗಾಗಿ ಹತ್ತಿಪ್ಪತ್ತು ಹೆಂಚನ್ನು ಜಗಲಿಯಲ್ಲಿ ತೆಗೆದಿಡಿ, ಪಕ್ಕದ ಮನೆಯವರಿಗೂ ತೋರಿಸಿ.

ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಅನುಮಾನವಿರುವುದು ಹೆಂಚಿನ ಮಾಡು ಹೋಗಿ ಆರ್‌ಸಿಸಿ ಗೋಡೆಗೆ ಸೇರುವ ಸಂದಿನ ಮೇಲೆ. ಹಳೆ ಮನೆಗೆ ಹೊಸ ಕೋಣೆ ಅಂಟಿಸಿದ ಕಡೆಯಲ್ಲೆಲ್ಲ ಇದೇ ಗೋಳು. ಅಲ್ಲಿ ಸಿಮೆಂಟು ಮೆತ್ತಿ ಬಿಟ್ಟಿದ್ದರೆ ಅದು ಬಿಸಿಲಿಗೆ ಬಿರುಕು ಬಿಟ್ಟೇ ಇರುತ್ತದೆ. ತಗಡನ್ನು ಗೋಡೆಯ ಗಾರೆಯೊಳಗೆ ಸೇರಿಸಿ, ಹೆಂಚಿನ ಮೇಲೆ ಇಳಿಬಿಟ್ಟು ಕೂರಿಸಬೇಕು. ಆರ್‌ಸಿಸಿ ಮೇಲಿನ ನೀರು ಹೋಗುವ ಪೈಪಿಗೆ ಎಲೆ ಕಟ್ಟಿದರೆ ತಾರಸಿಯೇ ಕೆರೆಯಾಗುತ್ತದೆ. ಆ ಪೈಪಿನ ಬಾಯನ್ನು ಮಳೆಗಾಲದಲ್ಲಿ ಯಾರಾದರೂ ಹತ್ತಿ ನೋಡುವಂತೆ ವ್ಯವಸ್ಥೆ ಮಾಡಿ.

ಆಮೇಲೆ ಗೋಡೆಯ ಬುಡ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿದು ಎರಡು ಮೂರು ಅಡಿ ಎತ್ತರದವರೆಗೆ ಜಂಬಿಟ್ಟಿಗೆಯನ್ನು ನೆನೆಸುತ್ತದೆ. ಜಂಬಿಟ್ಟಿಗೆಯ ತುಂಬ ತೂತು, ಒಮ್ಮೆ ನೀರು ಕುಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಸೂರಿಗೆ ದಂಬೆ (ನೀರು ಹಿಡಿದು ಸಾಗಿಸುವ ದೋಣಿ) ಹಾಕಿಸಿದರೆ ಉತ್ತಮ. ಆಗದಿದ್ದರೆ ಗಾಳಿಮಳೆ ಹೊಡೆಯುವ ಪಡುವಣ ಗೋಡೆಗಾದರೂ ಹಳೆಯ ಕ್ರಮದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ, ಗೋಡೆಗೂ ತಟ್ಟಿಗೂ ನಡುವೆ ಒಂದು ಗೇಣು ಜಾಗ ಇರಲಿ. ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿಬಿಡಬೇಡಿ, ಒಳಗಿನ ತೇವಕ್ಕೆ ಹೋಗಲು ದಾರಿ ಬೇಕು. ಅದೇ ಕಾರಣಕ್ಕೆ, ಈಗಾಗಲೇ ಥಂಡಿ ಹಿಡಿದಿರುವ ಗೋಡೆಗೆ ಮೇ ತಿಂಗಳಲ್ಲಿ ಅವಸರದಿಂದ ವಾಟರ್‌ಪ್ರೂಫ್ ಬಣ್ಣ ಬಳಿಸಬೇಡಿ. ಶ್ರಾವಣದ ಹೊತ್ತಿಗೆ ಅದು ಗುಳ್ಳೆಯೆದ್ದು ಪದರ ಪದರವಾಗಿ ಬೀಳುತ್ತದೆ. ಒಳಗೋಡೆಗೆ ಸುಣ್ಣವೇ ಸಾಕು. ಹೊಸದಾಗಿ ಬಳಿದ ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇರೂರುವುದಿಲ್ಲ, ಗೋಡೆ ಉಸಿರಾಡುವುದೂ ನಿಲ್ಲುವುದಿಲ್ಲ.

ಸೌದೆ ರಾಶಿ, ಗೊಬ್ಬರದ ಚೀಲ, ಹೂವಿನ ಕುಂಡ ಯಾವುದೂ ಹೊರಗೋಡೆಗೆ ತಾಗಿ ಇರಬಾರದು. ತೇವದ ಜೊತೆ ಒರಲೆಯನ್ನೂ (ಗೆದ್ದಲು) ಮನೆಯೊಳಗೆ ಕರೆಯುವುದು ಅವೇ.

ತುಂಗಾತೀರ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ ಸರ್. ಆರ್‌ಸಿಸಿ ಕೋಣೆಯ ಸಂದಿನ ಬಗ್ಗೆ ನೀವು ಹೇಳಿದ್ದು ನಿಜ, ಅಲ್ಲಿ ಸಿಮೆಂಟೇ ಇದೆ. ಒಂದು ಪ್ರಶ್ನೆ. ನಡುಮನೆಯ ಗೋಡೆಯ ಬುಡದಲ್ಲಿ ಬಿಳಿಯಾಗಿ ಹತ್ತಿಯ ಹಾಗೆ ಏನೋ ಏಳುತ್ತದೆ. ಅದು ಬೂಷ್ಟೇ? ಮತ್ತೆ ಕತ್ತಲೆ ಕೋಣೆಯ ಗೋಡೆ ಯಾವಾಗಲೂ ತಣ್ಣಗೆ, ಒದ್ದೆಯಾಗಿರುತ್ತದೆ. ಅದು ಧರೆಯ ನೀರೋ, ಗಾಳಿಯ ತೇವವೋ ಗೊತ್ತಾಗುವುದು ಹೇಗೆ?

ಸಾಗರದ ಕಂಟ್ರಾಕ್ಟರ್

ಬಿಳಿಯದ್ದನ್ನು ಸ್ವಲ್ಪ ಕೆರೆದು ಒಂದು ಹನಿ ನೀರಿಗೆ ಹಾಕಿ. ಕರಗಿ ಮಾಯವಾದರೆ ಅದು ಲವಣ, ನೆಲದ ನೀರು ಗೋಡೆ ಹತ್ತಿ ಆರಿದ ಗುರುತು. ಕರಗದೆ ಲೋಳೆಯಂತೆ ಉಳಿದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಲವಣವಾದರೆ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತೊಳೆದರೆ ಮತ್ತೆ ಒಳಗೇ ಹೋಗುತ್ತದೆ.

ಕತ್ತಲೆ ಕೋಣೆಗೆ ಹೀಗೆ ಮಾಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಕಡೆಗೆ ಹನಿ ಕೂತಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ, ಧರೆಯ ಬದಿಯ ಚರಂಡಿ ಸರಿಯಾಗಬೇಕು. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ತಣ್ಣನೆಯ ಗೋಡೆಗೆ ಬಂದು ಬೆವರುತ್ತಿದೆ. ಎರಡಕ್ಕೂ ಔಷಧ ಬೇರೆ.

ವಿಜ್ಞಾನ ಮೇಷ್ಟ್ರು

ಕಿಟಕಿ ಮುಚ್ಚುವುದೋ ತೆರೆಯುವುದೋ ಎಂಬ ಪ್ರಶ್ನೆಗೆ ಯಾರೂ ಕಾರಣ ಕೊಟ್ಟು ಉತ್ತರಿಸಿಲ್ಲ, ನಾನು ಪ್ರಯತ್ನಿಸುತ್ತೇನೆ. ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ.

24 ಡಿಗ್ರಿ ಉಷ್ಣಾಂಶದ ಗಾಳಿ ಒಂದು ಘನ ಮೀಟರ್‌ಗೆ ಹೆಚ್ಚೆಂದರೆ 22 ಗ್ರಾಂನಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯೆಂದರೆ ಸುಮಾರು 34 ಘನ ಮೀಟರ್. ಜುಲೈನಲ್ಲಿ ಅದರ ತೇವಾಂಶ ಶೇಕಡ 95 ಇದೆ ಎಂದುಕೊಳ್ಳಿ. ಬೂಷ್ಟು ಬೆಳೆಯದಿರಬೇಕಾದರೆ ಅದನ್ನು ಶೇಕಡ 60ರ ಆಸುಪಾಸಿಗೆ ಇಳಿಸಬೇಕು. ಅಂದರೆ ಕೋಣೆಯ ಗಾಳಿಯಿಂದ ಕಾಲು ಕಿಲೋದಷ್ಟು ನೀರು ತೆಗೆಯಬೇಕು. ಕ್ಯಾಲ್ಸಿಯಂ ಕ್ಲೋರೈಡ್ ಇರುವ ಆ ಡಬ್ಬಿಗೆ ಅಷ್ಟು ಹೀರುವ ಶಕ್ತಿ ಇದೆಯಲ್ಲ ಎನ್ನಬಹುದು. ಇದೆ, ಆದರೆ ಒಂದು ಸಲಕ್ಕೆ. ಹೆಂಚಿನ ಮನೆಯಲ್ಲಿ ಒಳಗಿನ ಗಾಳಿ ಗಂಟೆಗಂಟೆಗೂ ಬದಲಾಗುತ್ತದೆ, ಹೊರಗಿನ ಒದ್ದೆ ಗಾಳಿ ಬಂದು ಮತ್ತೆ ಅಷ್ಟೇ ನೀರು ತರುತ್ತದೆ. ಗೋಡೆ, ಮರ, ಬಟ್ಟೆ ಹಿಡಿದುಕೊಂಡಿರುವ ನೀರು ಬೇರೆ. ಡಬ್ಬಿ ಬೇಗನೆ ತುಂಬಿ ಸುಮ್ಮನಾಗುತ್ತದೆ. ಬಿಗಿಯಾಗಿ ಮುಚ್ಚುವ ಟ್ರಂಕಿನೊಳಗೆ ಅದೇ ವಸ್ತು ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ.

ಕರ್ಪೂರ ಮತ್ತು ನುಸಿ ಗುಳಿಗೆ ಹುಳುಗಳಿಗೆ ಆದೀತು. ಅವು ಗಾಳಿಯಿಂದ ಒಂದು ಹನಿ ನೀರನ್ನೂ ತೆಗೆಯುವುದಿಲ್ಲ.

ಟೀಚರ್ ಹೇಳಿದ ಒಲೆಯ ವಿಷಯಕ್ಕೂ ಲೆಕ್ಕವಿದೆ. 22 ಡಿಗ್ರಿಯ, ಶೇಕಡ 95 ತೇವಾಂಶದ ಗಾಳಿಯನ್ನು 26 ಡಿಗ್ರಿಗೆ ಬಿಸಿ ಮಾಡಿದರೆ, ನೀರು ಒಂದು ಗ್ರಾಂ ಕೂಡ ಕಡಿಮೆಯಾಗದಿದ್ದರೂ ತೇವಾಂಶ ಶೇಕಡ 75ಕ್ಕೆ ಇಳಿಯುತ್ತದೆ. ನಾಲ್ಕು ಡಿಗ್ರಿಗೆ ಇಷ್ಟು ಫಲ. ಆದರೆ ಬೆಂಕಿ ಆರಿದ ಮೇಲೆ ಗೋಡೆ ಮತ್ತೆ ತಣ್ಣಗಾಗುತ್ತದೆ. ದಿನವಿಡೀ ಉರಿಯುತ್ತಿದ್ದ ಒಲೆಯ ಕೆಲಸವನ್ನು ವಾರಕ್ಕೊಂದು ಬೆಂಕಿ ಪೂರ್ತಿಯಾಗಿ ಮಾಡಲಾರದು ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗಾಗಿ ನನ್ನ ಸಲಹೆ: ಇಡೀ ಮನೆಯನ್ನು ಒಣಗಿಸಲು ಹೋಗಬೇಡಿ. ಒಂದು ಕೋಣೆಯನ್ನು ಒಣದಾಗಿಡಿ, ಉಳಿದ ಮನೆಗೆ ಗಾಳಿಯಾಡಲು ಬಿಡಿ. ನಿಮ್ಮ ಆರ್‌ಸಿಸಿ ಕೋಣೆಯನ್ನು ಮುಚ್ಚಬಹುದು, ಅಲ್ಲಿ ಯಂತ್ರ ಕೆಲಸ ಮಾಡುತ್ತದೆ. ಪುಸ್ತಕ, ಬಟ್ಟೆ, ಹಾಸಿಗೆ, ಹಾರ್ಮೋನಿಯಂ, ಮಿಕ್ಸಿ, ಟಿವಿ ಎಲ್ಲ ಅಲ್ಲಿಗೆ ಹೋಗಲಿ. ಹೆಂಚಿನ ಮನೆಯಲ್ಲಿ ಮೇಲಿನ ಗವಾಕ್ಷಿಗಳಿಗೆ ಜಾಲರಿ ಹಾಕಿ ತೆರೆದಿಡಿ, ಮಳೆ ಹೊಡೆಯುವ ದಿಕ್ಕಿನ ಕಿಟಕಿ ಮುಚ್ಚಿ, ಒಳಬಾಗಿಲುಗಳನ್ನು ಕಲ್ಲು ಕೊಟ್ಟು ತೆರೆದಿಡಿ. ಇದರಿಂದ ಮನೆ ಒಣಗುವುದಿಲ್ಲ. ಆದರೆ ಮೂಲೆಯಲ್ಲಿ ನಿಂತ ಗಾಳಿ ಕದಲುತ್ತದೆ, ಗೋಡೆ ಬೆವರುವುದು ತಗ್ಗುತ್ತದೆ. ಖಾಲಿ ಬೀರು, ಕಪಾಟುಗಳನ್ನು ಗೋಡೆಯಿಂದ ಅರ್ಧ ಅಡಿ ಈಚೆಗೆ ಎಳೆದು ಬಾಗಿಲು ತೆರೆದಿಡಿ.

ವಿನೋಬನಗರ ನಿವಾಸಿ

ಮೇಷ್ಟ್ರೇ, ಲೆಕ್ಕ ಅರ್ಥವಾಯಿತು. ನಮ್ಮದು ಎರಡನೇ ಮಹಡಿಯ ಫ್ಲ್ಯಾಟ್, ಕಿಟಕಿಗಳು ಬಿಗಿ. ಬಹುಶಃ ಅದಕ್ಕೇ ಡಬ್ಬಿ ಸಾಕಾಗುತ್ತಿದೆ. ತೇವಾಂಶ ಅಳೆಯುವ ಮೀಟರ್ ನಂಬಬಹುದೇ? ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ವಿಜ್ಞಾನ ಮೇಷ್ಟ್ರು

ಪರೀಕ್ಷಿಸಿ ನಂಬಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮಾಡಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮುಚ್ಚಿ. ಒಂದು ದಿನದ ನಂತರ ಮೀಟರ್ ಶೇಕಡ 75 ತೋರಿಸಬೇಕು. 70 ತೋರಿಸಿದರೆ ಯಾವಾಗಲೂ ಐದು ಸೇರಿಸಿ ಓದಿಕೊಳ್ಳಿ.

ಕೊಪ್ಪದ ಕಾಫಿ ತೋಟ

ಯಂತ್ರದ ಬಗ್ಗೆ ಹೇಳುತ್ತೇನೆ, ನಮ್ಮಲ್ಲಿ ಬಳಸುತ್ತಿದ್ದೇವೆ. ಕೊಳ್ಳುವ ಮುಂಚೆ ಒಂದನ್ನು ಮಾತ್ರ ಖಚಿತಪಡಿಸಿಕೊಳ್ಳಿ: ಕರೆಂಟ್ ಹೋಗಿ ಬಂದಾಗ ಅದು ತಾನಾಗಿ ಮತ್ತೆ ಚಾಲೂ ಆಗಬೇಕು. ಗುಂಡಿ ತಿರುಗಿಸುವ ಸಾದಾ ಮಾದರಿಗಳು ಸಾಮಾನ್ಯವಾಗಿ ಆಗುತ್ತವೆ, ಬೆರಳು ಮುಟ್ಟಿ ಚಾಲೂ ಮಾಡುವ ಎಷ್ಟೋ ಮಾದರಿಗಳು ಸುಮ್ಮನೆ ಕೂರುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ದಿನಕ್ಕೆ ಹಲವು ಸಲ ಕರೆಂಟ್ ಹೋಗುವ ಊರಿನಲ್ಲಿ ಆ ಯಂತ್ರಕ್ಕೆ ಅರ್ಥವಿಲ್ಲ. ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ತೋರಿಸಲು ಹೇಳಿ.

ತೊಟ್ಟಿ ತುಂಬಿದರೆ ಯಂತ್ರ ನಿಲ್ಲುತ್ತದೆ. ಆದ್ದರಿಂದ ಅದನ್ನು ಸ್ಟೂಲಿನ ಮೇಲಿಟ್ಟು ಪೈಪನ್ನು ಬಾತ್‌ರೂಮಿನ ಜಾಲಿಗೆ ಇಳಿಜಾರಾಗಿ ಬಿಡಿ. ಶೇಕಡ 60ಕ್ಕೆ ಇಡಿ, ಅದಕ್ಕಿಂತ ಕೆಳಗೆ ಬೇಡ. 300 ವಾಟ್‌ನ ಯಂತ್ರ ದಿನಕ್ಕೆ ಹತ್ತು ಗಂಟೆ ಓಡಿದರೆ ಮೂರು ಯೂನಿಟ್ ಆಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ಬೇಡ, ನೇರ ಗೋಡೆಯ ಪ್ಲಗ್‌ಗೆ ಹಾಕಿ. ಆ ಒಂದು ಲೈನ್ ಬಿಟ್ಟು ಉಳಿದೆಲ್ಲ ಎಂಸಿಬಿ ಇಳಿಸಿ. ಹೊರಡುವ ವಾರ ಮುಂಚಿನಿಂದಲೇ ಓಡಿಸಿ, ಪೈಪಿನಲ್ಲಿ ನೀರು ಸರಾಗವಾಗಿ ಹೋಗುತ್ತಿದೆಯೇ ಎಂದು ಕಣ್ಣಾರೆ ನೋಡಿ. ಸಿಡಿಲಿನ ದಿನಗಳಲ್ಲಿ ಪ್ಲಗ್ ಕೀಳುವವರು ಯಾರೂ ಇರುವುದಿಲ್ಲವಾದ್ದರಿಂದ ಮನೆಗೆ ಒಳ್ಳೆಯ ಅರ್ಥಿಂಗ್ ಮತ್ತು ಸರ್ಜ್ ರಕ್ಷಣೆ ಇರಲಿ.

ಕೆಲವರು ಬೀರುವಿನೊಳಗೆ ಹಳೆಯ ಕಾಲದ ಬಿಸಿ ಬಲ್ಬ್ ಉರಿಸಿಡುತ್ತಾರೆ. ಜನರಿಲ್ಲದ ಮನೆಯಲ್ಲಿ ಬಟ್ಟೆಯ ಪಕ್ಕದಲ್ಲಿ ಅದನ್ನು ದಯವಿಟ್ಟು ಮಾಡಬೇಡಿ.

ಹೊಸನಗರದ ಟೀಚರ್

ಅಮ್ಮನ ಸೀರೆಯ ವಿಷಯ ಯಾರೂ ಮುಟ್ಟಲಿಲ್ಲ. ತುಂಗಾತೀರದವರೇ, ರೇಷ್ಮೆ ಸೀರೆಗಳನ್ನು, ಮನೆಯ ಕಾಗದಪತ್ರಗಳನ್ನು, ಹಳೆಯ ಫೋಟೊಗಳನ್ನು ಬೆಂಗಳೂರಿಗೆ ತೆಗೆದುಕೊಂಡು ಹೋಗಿ. ಕಾರಿನಲ್ಲಿ ಒಂದು ಟ್ರಂಕಿನ ಜಾಗ ಅಷ್ಟೆ. ಹಾರ್ಮೋನಿಯಂ ಕೂಡ ಸಾಧ್ಯವಾದರೆ ಹೊರಡಲಿ, ಅದರ ತಿದಿಯ ಕಾಗದ ಮತ್ತು ಚರ್ಮ ತೇವಕ್ಕೆ ಮೊದಲು ಬಲಿಯಾಗುತ್ತವೆ. ಅಪ್ಪನಿಗೂ ಅಲ್ಲಿ ಹೊತ್ತು ಹೋಗುತ್ತದೆ.

ಉಳಿಯುವ ಬಟ್ಟೆಗಳಲ್ಲಿ ಗಂಜಿ ಹಾಕಿದ ಹತ್ತಿ ಸೀರೆ, ಪಂಚೆ ಇದ್ದರೆ ಗಂಜಿ ಹೋಗುವಂತೆ ಒಗೆದು, ಏಪ್ರಿಲ್ ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಇಡಿ. ಗಂಜಿ ಬೂಷ್ಟಿಗೂ ಆಹಾರ, ಬೆಳ್ಳಿಹುಳುವಿಗೂ ಆಹಾರ. ಬಿಸಿಲಿನ ಬಿಸಿ ಆರಿದ ಮೇಲೆಯೇ ಟ್ರಂಕಿಗೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಮಲ್ಲು ಪಂಚೆಯಲ್ಲಿ ಸುತ್ತಿ. ಹಾಸಿಗೆಯನ್ನು ಮಂಚದ ಮೇಲೆ ಬಿಡದೆ ನಿಲ್ಲಿಸಿ ಅಥವಾ ಹಗ್ಗದ ಮೇಲೆ ಹಾಕಿ.

ಅಡುಗೆಮನೆಯಲ್ಲಿ ಅಕ್ಕಿ, ಬೆಲ್ಲ, ಹಿಟ್ಟು, ಹಪ್ಪಳ ಒಂದನ್ನೂ ಉಳಿಸಬೇಡಿ. ಫ್ರಿಜ್ ಆರಿಸಿ, ಸೋಡಾಪುಡಿ ನೀರಿನಲ್ಲಿ ಒರೆಸಿ, ರಬ್ಬರ್ ಅಂಚಿನ ಮಡಿಕೆಯನ್ನೂ ಒಣಗಿಸಿ, ಬಾಗಿಲಿಗೆ ಬಟ್ಟೆ ಸುತ್ತಿದ ಕೋಲು ಸಿಕ್ಕಿಸಿ ತೆರೆದಿಡಿ. ಮುಚ್ಚಿದ ಫ್ರಿಜ್‌ನ ಒಳಗೆ ಒಂದೇ ತಿಂಗಳಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ವಾಷಿಂಗ್ ಮೆಷಿನ್ ಬಾಗಿಲಿಗೂ ಇದೇ ಮಾತು. ಸಿಲಿಂಡರ್ ರೆಗ್ಯುಲೇಟರ್ ತೆಗೆದಿಡಿ. ನೀರಿನ ತೊಟ್ಟಿಗಳನ್ನು ಬರಿದು ಮಾಡಿ ಬೋರಲು ಹಾಕಿ, ಇಲ್ಲದಿದ್ದರೆ ಸೊಳ್ಳೆ.

ಪುಸ್ತಕದ ಹುಳು, ಸಾಗರ

ಅಪ್ಪನ ಪುಸ್ತಕಗಳನ್ನು ಒತ್ತೊತ್ತಾಗಿ ಜೋಡಿಸಬೇಡಿ, ಗೋಡೆಗೆ ತಾಗಿಸಬೇಡಿ. ಯಂತ್ರವಿರುವ ಕೋಣೆಯ ತೆರೆದ ಕಪಾಟಿನಲ್ಲಿ ಸಡಿಲವಾಗಿ ನಿಲ್ಲಿಸಿದರೆ ಸಾಕು. ಅಪರೂಪದ ಪ್ರತಿಗಳನ್ನು ರಬ್ಬರ್ ಅಂಚಿನ ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ಕೊಂಡರೆ ತುಂಬಿದ್ದು ತಿಳಿಯುತ್ತದೆ, 120 ಡಿಗ್ರಿ ಒವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನಮ್ಮ ಕಡೆ ಕೆಲವರು ಮಡಕೆಯಲ್ಲಿ ಸುಟ್ಟ ಸುಣ್ಣ ಇಡುತ್ತಾರೆ, ಅದು ಹೇಗೆ ಮೇಷ್ಟ್ರೇ?

ವಿಜ್ಞಾನ ಮೇಷ್ಟ್ರು

ಇನ್ನೂ ನೀರು ಹಾಕದ ಒಂದು ಕಿಲೋ ಸುಟ್ಟ ಸುಣ್ಣ ಸುಮಾರು 320 ಗ್ರಾಂ ನೀರನ್ನು ಹೀರಿ ಪುಡಿಯಾಗುತ್ತದೆ. ಕೆಲಸ ಮಾಡುತ್ತದೆ, ಆದರೆ ಹೀರುವಾಗ ಉಬ್ಬುತ್ತದೆ, ಅದರ ಮೇಲೆ ಸೋರಿದ ನೀರು ಬಿದ್ದರೆ ಕೊತಕೊತ ಕುದಿದು ಪಕ್ಕದ ಕಾಗದ, ಬಟ್ಟೆಗೆ ಬೆಂಕಿ ಹಿಡಿಯುವಷ್ಟು ಬಿಸಿಯಾಗಬಹುದು. ಸೋರುವ ಸಂಭವವಿರುವ ಖಾಲಿ ಮನೆಯಲ್ಲಿ ನಾನು ಇಡುವುದಿಲ್ಲ.

ತುಂಗಾತೀರ

ಅಪ್ಪ, ಅಮ್ಮ ಇಬ್ಬರಿಗೂ ಎಲ್ಲವನ್ನೂ ಓದಿ ಹೇಳಿದೆ. ಆರ್‌ಸಿಸಿ ಕೋಣೆಯನ್ನು ಒಣ ಕೋಣೆ ಮಾಡುವುದು, ಹೆಂಚಿನ ಮನೆಗೆ ಗಾಳಿಯಾಡಿಸುವುದು ಎಂದು ತೀರ್ಮಾನವಾಯಿತು. ಕತ್ತಲೆ ಕೋಣೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿಸಿದೆ, ಹನಿ ಗೋಡೆಯ ಕಡೆಗೇ ಇದೆ. ಈ ಬೇಸಿಗೆಯಲ್ಲೂ! ಧರೆಯ ಚರಂಡಿ ತೋಡಿಸಲು ಆಳುಗಳನ್ನು ಗೊತ್ತುಮಾಡಿದ್ದೇವೆ. ಪಕ್ಕದ ಮನೆಯವರಿಗೆ ಏನೇನು ಹೇಳಬೇಕು? ಒಂದು ವೇಳೆ ಹಿಂತಿರುಗುವಾಗ ಬೂಷ್ಟು ಬಂದೇ ಇದ್ದರೆ?

ಹೊಸನಗರದ ಟೀಚರ್

ವಾರಕ್ಕಿಂತ ಮಳೆಯನ್ನು ನೋಡಿ ಬರಲು ಹೇಳಿ. ಹೊಳವಾಗಿ ಬಿಸಿಲು ಬಂದ ದಿನ ಎರಡು ಮೂರು ಗಂಟೆ ಎಲ್ಲ ಕಿಟಕಿ ಬಾಗಿಲು ತೆರೆದು, ಮೋಡ ಕವಿಯುವ ಮುಂಚೆ ಮುಚ್ಚಲಿ. ಸುರಿಯುವ ಮಳೆಯಲ್ಲಿ ತೆರೆದರೆ ಪ್ರಯೋಜನವಿಲ್ಲ. ಜೋರು ಗಾಳಿಮಳೆಯ ಮರುದಿನ ಮಾತ್ರ ತಪ್ಪದೆ ಒಳಗೆ ಬಂದು ಅಟ್ಟ ಹತ್ತಿ ಟಾರ್ಚ್ ಹಾಕಿ ನೋಡಲಿ, ಸೋರಿದ ಜಾಗದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಿ. ನೆರೆಯವರೆಂದು ಸುಮ್ಮನೆ ಮಾಡಿಸಿಕೊಳ್ಳಬೇಡಿ, ತಿಂಗಳಿಗೆ ಇಷ್ಟು ಎಂದು ಮೊದಲೇ ಮಾತಾಡಿ. ಇದು ಕೆಲಸ, ಮತ್ತು ಎಲ್ಲ ಯಂತ್ರಗಳಿಗಿಂತ ಇದೇ ಮುಖ್ಯ.

ದೀಪಾವಳಿಗೆ ಅಮ್ಮನನ್ನು ನೇರವಾಗಿ ಆ ಮನೆಗೆ ಕರೆತರಬೇಡಿ. ನೀವು ನಾಲ್ಕು ದಿನ ಮುಂಚೆ ಬನ್ನಿ. ಬೂಷ್ಟು ಕಂಡರೆ ಒಣಗಿದ್ದನ್ನು ಗುಡಿಸಬೇಡಿ, ಮನೆಯೆಲ್ಲ ಹಾರುತ್ತದೆ. ಎನ್95 ಮಾಸ್ಕ್, ಕೈಗವಸು ಹಾಕಿ, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಬ್ಲೀಚಿಂಗ್ ದ್ರಾವಣ ಬಳಸುವುದಾದರೆ ಟೈಲ್ಸ್‌ನಂಥ ನುಣುಪು ಜಾಗಕ್ಕೆ ಮಾತ್ರ, ಟಾಯ್ಲೆಟ್ ಕ್ಲೀನರ್ ಅಥವಾ ವಿನೆಗರ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬೂಷ್ಟಿನ ಮೇಲೆ ಬಣ್ಣ ಬಳಿದು ಮುಚ್ಚುವ ಯೋಚನೆ ಬೇಡ.

ಸಾಗರದ ಕಂಟ್ರಾಕ್ಟರ್

ಚರಂಡಿಯ ಬಗ್ಗೆ ಆಳುಗಳು ಬರುವ ಮುಂಚೆ ಇದನ್ನು ಓದಿ. ಧರೆಯ ಬುಡವನ್ನು ಕೆರೆದು ಚರಂಡಿ ತೋಡಬಾರದು, ಮಳೆಗೆ ಧರೆ ಜರಿಯುತ್ತದೆ. ಮನೆಯ ಗೋಡೆಗೆ ತಾಗಿಸಿಯೂ ತೋಡಬಾರದು. ನಡುವೆ ತೋಡಿ, ತಳಕ್ಕೆ ಕಲ್ಲು ಹಾಸಿ ಗಾರೆ ಮಾಡಿಸಿ, ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಕೊಟ್ಟು ತೋಟದ ಕಡೆಗೆ ಬಿಡಿ. ಧರೆಯ ಮೇಲ್ಭಾಗದಲ್ಲಿ ಇನ್ನೊಂದು ಸಣ್ಣ ಕಾಲುವೆ ಇದ್ದರೆ ಮೇಲಿನ ನೀರು ಕೆಳಗೆ ಇಳಿಯುವ ಮುಂಚೆಯೇ ಪಕ್ಕಕ್ಕೆ ಹೋಗುತ್ತದೆ. ಮೃಗಶಿರಾ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ ಗಾರೆ ಒಣಗಿರಬೇಕು. ಕೆಲಸ ಮುಗಿದ ದಿನ ನಾಲ್ಕೈದು ಕೊಡ ನೀರು ಸುರಿದು ನೋಡಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಆಳುಗಳಿರುವಾಗಲೇ ಸರಿ ಮಾಡಿಸಿ.